ಯಾವುದಕ್ಕೆ ‘ಟ್ರೂ’? ಒಂದು ಇಂಗ್ಲಿಷ್ ಪದವನ್ನು ಕನ್ನಡಕ್ಕೆ ಇಳಿಸುವ ಬಗೆ

ಸಿಂಧನೂರಿನ ನಮ್ಮ ಅಂಗಡಿಯಲ್ಲಿ ಜೆರಾಕ್ಸ್, ಟೈಪಿಂಗ್, ಅನುವಾದ ಮೂರೂ ನಡೆಯುತ್ತವೆ. ದುಡ್ಡು ಬರುವುದು ಜೆರಾಕ್ಸಿನಿಂದ, ತಲೆನೋವು ಬರುವುದು ಅನುವಾದದಿಂದ. ಕೆಲವು ವರ್ಷಗಳ ಹಿಂದೆ ಸಸಿ ಮಾರುವ ಹಿರಿಯರೊಬ್ಬರು ಅಂಗಾಂಶ ಕೃಷಿಯ ಬಾಳೆ ಸಸಿಗಳ ಇಂಗ್ಲಿಷ್ ಕರಪತ್ರ ತಂದು, ಸಂಜೆಯೊಳಗೆ ಕನ್ನಡ ಮಾಡಿಕೊಡಿ ಎಂದರು. ಸಸಿಗಳು ‘ಟ್ರೂ ಟು ಟೈಪ್’ ಎಂದು ಅದರಲ್ಲಿತ್ತು. ಟ್ರೂ ಎಂದರೆ ಸತ್ಯ, ಟೈಪ್ ಎಂದರೆ ಮಾದರಿ. ‘ಮಾದರಿಗೆ ಸತ್ಯವಾದ ಸಸಿಗಳು’ ಎಂದು ಕುಟ್ಟಿ ಕೊಟ್ಟೆ.

ಮರುದಿನ ಅವರು ಕರಪತ್ರ ಹಿಡಿದುಕೊಂಡೇ ಬಂದರು. “ಮಾಸ್ತರರೇ, ಇವು ಬಾಳೆ ಸಸಿಗಳೋ, ಹರಿಶ್ಚಂದ್ರನ ಮೊಮ್ಮಕ್ಕಳೋ?” ಎಂದು ಕೇಳಿದರು. ನಾನು ನಗಲಿಲ್ಲ, ಅವರೂ ನಗಲಿಲ್ಲ. “ತಾಯಿ ಗಿಡ ಹೇಗಿದೆಯೋ ಸಸಿಯೂ ಹಾಗೆಯೇ ಬರುತ್ತದೆ, ಬೆರಕೆ ಇಲ್ಲ ಎಂದು ಬರೆಯಿರಿ, ಸಾಕು” ಎಂದರು. ನಾನು ನಿಘಂಟು ತೆರೆದು ಮಾಡಲಾಗದ ಕೆಲಸವನ್ನು ಅವರು ನಿಂತ ನಿಲುವಿನಲ್ಲಿ ಮಾಡಿದ್ದರು. ಅಂದಿನಿಂದ ‘ಟ್ರೂ’ ಬಂದಲ್ಲೆಲ್ಲ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಅರ್ಜಿ ಬರೆಯುವವರಿಗೆ, ಇಂಗ್ಲಿಷ್ ಕಲಿಯುವ ಮಕ್ಕಳಿಗೆ, ಮೊಬೈಲಿನ ಅನುವಾದವನ್ನು ನಂಬಿ ಕೈ ಸುಟ್ಟುಕೊಂಡವರಿಗೆ ಉಪಯೋಗವಾಗಬಹುದು.

ಮೊದಲ ಹೆಜ್ಜೆ: ‘ಯಾವುದಕ್ಕೆ?’ ಎಂದು ಕೇಳಿ

ಈ ಪದದ ಹುಟ್ಟನ್ನು ಸ್ವಲ್ಪ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ‘ಸುಳ್ಳಲ್ಲದ್ದು’ ಎಂಬುದು ಮೊದಲ ಅರ್ಥವಾಗಿರಲಿಲ್ಲ. ನಂಬಿಕೆಗೆ ಅರ್ಹ, ನಿಷ್ಠ, ಕೊಟ್ಟ ಮಾತಿಗೆ ನಿಲ್ಲುವವನು ಎಂಬುದೇ ಅದರ ಮೂಲಾರ್ಥ. ನಂಬಿಕೆ ಎಂಬರ್ಥದ ‘ಟ್ರಸ್ಟ್’, ಕದನವಿರಾಮ ಎಂಬರ್ಥದ ‘ಟ್ರೂಸ್’ ಇದರ ಒಡಹುಟ್ಟುಗಳು. ಇದೇ ಬಳಗದ ಜರ್ಮನ್ ಪದ ‘ಟ್ರಾಯ್’ ಇವತ್ತಿಗೂ ನಿಷ್ಠೆಯನ್ನೇ ಸೂಚಿಸುತ್ತದೆ. ಇದ್ದದ್ದನ್ನು ಇದ್ದಂತೆ ಹೇಳುವುದು ಎಂಬ ಅರ್ಥ ಆಮೇಲೆ ಬಂದು ಸೇರಿಕೊಂಡಿತು.

ಕನ್ನಡದ ಸತ್ಯ ಒಂಟಿಯಾಗಿ ನಿಲ್ಲಬಲ್ಲದು. ಇಂಗ್ಲಿಷಿನ ಟ್ರೂ ಪದಕ್ಕೆ ಹೆಚ್ಚಿನ ಕಡೆ ಒಂದು ಜೊತೆ ಬೇಕು. ಒಂದು ವಸ್ತು ಇನ್ನೊಂದಕ್ಕೆ ತಪ್ಪದೆ ನಡೆದುಕೊಂಡರೆ ಅದು ಟ್ರೂ. ನಕಲು ಅಸಲಿಗೆ ತಪ್ಪದಿರಬೇಕು, ಸಸಿ ತಾಯಿ ಗಿಡಕ್ಕೆ, ಚಕ್ರ ತನ್ನ ಅಚ್ಚಿಗೆ, ಗೆಳೆಯ ಗೆಳೆತನಕ್ಕೆ. ಆದ್ದರಿಂದ ವಾಕ್ಯದಲ್ಲಿ ಈ ಪದ ಕಂಡಕೂಡಲೇ ಅದಕ್ಕೆ ಕನ್ನಡ ಹುಡುಕಬೇಡಿ. ‘ಯಾವುದಕ್ಕೆ?’ ಎಂದು ಕೇಳಿ, ಆ ಎರಡನೆಯ ವಸ್ತುವನ್ನು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ. ಅದು ಸಿಕ್ಕರೆ ಕನ್ನಡ ಪದ ಅದರ ಹಿಂದೆಯೇ ಬರುತ್ತದೆ.

ಎರಡನೆಯ ಹೆಜ್ಜೆ: ಎದುರು ಪದವನ್ನು ಹಿಡಿಯಿರಿ

ಎರಡನೆಯ ವಸ್ತು ಸಿಗದಿದ್ದರೆ ತಲೆಕೆಳಗಾಗಿ ನೋಡಿ: ಇದು ಟ್ರೂ ಅಲ್ಲದಿದ್ದರೆ ಏನಾಗುತ್ತಿತ್ತು? ಸುಳ್ಳಾಗುತ್ತಿತ್ತೇ? ಹಾಗಿದ್ದರೆ ಸತ್ಯ, ನಿಜ, ದಿಟ ಇವುಗಳಲ್ಲಿ ಒಂದು ಹೊಂದುತ್ತದೆ. ನಕಲಿಯಾಗುತ್ತಿತ್ತೇ? ಆಗ ಅಸಲಿ. ಡೊಂಕಾಗುತ್ತಿತ್ತೇ? ನೇರ ಅಥವಾ ಮಟ್ಟಸ. ಬೆರಕೆಯಾಗುತ್ತಿತ್ತೇ? ಶುದ್ಧ, ಚೊಕ್ಕ, ಅಪ್ಪಟ. ದ್ರೋಹವಾಗುತ್ತಿತ್ತೇ? ನಿಷ್ಠೆ, ನಂಬಿಗಸ್ತಿಕೆ. ಬರೀ ತಪ್ಪುತ್ತರವಾಗುತ್ತಿತ್ತೇ? ಸರಿ. ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಬರುವ ‘ಟ್ರೂ ಆರ್ ಫಾಲ್ಸ್’ ಎಂಬುದನ್ನು ಸರಿ–ತಪ್ಪು ಎಂದು ಮಾಡಿದವರು ಯಾರೋ ಜಾಣರು. ಸತ್ಯ–ಅಸತ್ಯ ಎಂದಿದ್ದರೆ ಐದನೆಯ ತರಗತಿಯ ಮಗು ಪರೀಕ್ಷೆ ಬರೆಯುವ ಬದಲು ಕೈಮುಗಿದು ಕುಳಿತುಕೊಳ್ಳುತ್ತಿತ್ತು.

ಈ ಉಪಾಯದ ಬೆಲೆ ನನಗೆ ತಿಳಿದದ್ದು ಮಸ್ಕಿಯ ಶಾಸನದ ಬಗ್ಗೆ ಕಾಲೇಜು ಹುಡುಗಿಯೊಬ್ಬಳ ಪ್ರಬಂಧ ತಿದ್ದುವಾಗ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಈ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಬೇರೆಡೆಯ ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಅವೆಲ್ಲ ಅಶೋಕನವೇ ಎಂಬ ಮಾತು ಗಟ್ಟಿಯಾದದ್ದು ಮಸ್ಕಿಯ ಈ ಒಂದು ಹೆಸರಿನಿಂದ. ಹುಡುಗಿ ಇಂಗ್ಲಿಷ್ ಪುಸ್ತಕದ ‘ಟ್ರೂ ನೇಮ್’ ಎಂಬುದನ್ನು ‘ರಾಜನ ಸತ್ಯವಾದ ಹೆಸರು’ ಎಂದು ಇಳಿಸಿದ್ದಳು. “ಹಾಗಾದರೆ ದೇವಾನಾಂಪ್ರಿಯ ಎಂಬುದು ಸುಳ್ಳು ಹೆಸರೇನಮ್ಮಾ?” ಎಂದು ಕೇಳಿದೆ. ಅವಳು ಪೆನ್ನು ಕಚ್ಚುತ್ತಾ ಯೋಚಿಸಿ, “ಅಲ್ಲ ಸರ್, ಅದು ಬಿರುದು” ಎಂದಳು. ಬಿರುದಿಗೆ ಎದುರಾಗಿ ನಿಲ್ಲುವುದು ಸ್ವಂತ ಹೆಸರು. ಹಾಗೆಂದೇ ಬರೆದಳು.

ಎದುರು ಪದ ಕೇಳಿಕೊಂಡ ಮೇಲೆ ನಮ್ಮ ಪೆಟ್ಟಿಗೆಯಲ್ಲಿ ಎಷ್ಟು ಪದಗಳಿವೆ ಎಂದು ನೋಡಿದರೆ ಬೆರಗಾಗುತ್ತದೆ. ಸಂಸ್ಕೃತದಿಂದ ಬಂದ ಸತ್ಯ, ಯಥಾರ್ಥ, ನೈಜ, ಕನ್ನಡಕ್ಕೆ ಒಗ್ಗಿಹೋದ ದಿಟ, ಹಳಗನ್ನಡದ ನನ್ನಿ, ನಿಜಾಮರ ಕಾಲದ ಕಚೇರಿಗಳಲ್ಲಿ ಬೇರೂರಿದ ಅಸಲು, ಈ ಭಾಗದ ಬಾಯಲ್ಲಿ ದಿನಕ್ಕೆ ಹತ್ತು ಸಲ ಹೊರಳುವ ಖರೆ ಮತ್ತು ಸಾಚಾ. ಬಳ್ಳಾರಿ ಗಡಿಗೆ ಹತ್ತಿರದ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಸತ್ಯವನ್ನು ನುಡಿಯಬೇಕು ಎಂಬರ್ಥದ ‘ಸಚಂ ವತವಿಯಂ’ ಎಂಬ ಪ್ರಾಕೃತ ಮಾತಿದೆ. ಆ ಸಚಂ ಮತ್ತು ನಮ್ಮ ಸಂತೆಯ ಸಾಚಾ ಒಂದೇ ಬಳ್ಳಿಯ ಕಾಯಿಗಳು. ಇಷ್ಟು ಆಸ್ತಿ ಇಟ್ಟುಕೊಂಡು ಎಲ್ಲದಕ್ಕೂ ಸತ್ಯ ಎಂಬ ಒಂದೇ ನಾಣ್ಯ ಎಣಿಸುವುದು ಜಿಪುಣತನ.

ಮೂರನೆಯ ಹೆಜ್ಜೆ: ಕಾಗದದ ‘ಟ್ರೂ’ ಎಲ್ಲಿಗೆ ನಿಲ್ಲುತ್ತದೆ ಎಂದು ಗುರುತಿಸಿ

ಅಂಗಡಿಗೆ ಅತಿ ಹೆಚ್ಚು ಬರುವುದು ‘ಟ್ರೂ ಕಾಪಿ’. ಇದನ್ನು ‘ಸತ್ಯ ಪ್ರತಿ’ ಎಂದು ಬರೆಯಬೇಡಿ. ‘ಮೂಲ ಪ್ರತಿಯ ಯಥಾನಕಲು’ ಎಂದು ಬರೆಯಿರಿ, ಅಥವಾ ಸರಳವಾಗಿ ‘ಈ ನಕಲು ಅಸಲಿನಂತೆಯೇ ಇದೆ’ ಎನ್ನಿ. ಕೆಳಗೆ ಸಹಿ, ಹೆಸರು, ದಿನಾಂಕ ಇರಲಿ. ಈಗ ಅನೇಕ ಕಡೆ ಅರ್ಜಿದಾರರೇ ಸಹಿ ಹಾಕುವ ಸ್ವಯಂ ದೃಢೀಕರಣ ಸಾಕಾಗುತ್ತದೆ. ಗೆಜೆಟೆಡ್ ಅಧಿಕಾರಿಯ ಸಹಿಯೇ ಬೇಕೋ ಎಂಬುದನ್ನು ಅರ್ಜಿಯ ಸೂಚನೆಯಲ್ಲಿ ನೋಡಿಕೊಂಡು ಹೊರಡಿ. ಒಂದು ಸಹಿಗಾಗಿ ಎರಡು ದಿನ ಬಾಗಿಲು ಕಾದವರನ್ನು ನಾನು ಕಂಡಿದ್ದೇನೆ.

ಇಲ್ಲಿ ಜನ ಎಡವುವ ಕಲ್ಲು ಬೇರೆಯೇ ಇದೆ. ಒಮ್ಮೆ ಲಿಂಗಸುಗೂರು ಕಡೆಯ ಹೆಣ್ಣುಮಗಳೊಬ್ಬಳು ಮಗನ ಅಂಕಪಟ್ಟಿಯನ್ನು ಇಂಗ್ಲಿಷಿಗೆ ಅನುವಾದಿಸಲು ತಂದಳು. ಅದರಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು, ‘ಬಸಪ್ಪ’ ಇರಬೇಕಾದಲ್ಲಿ ‘ಬಸವ್ವ’ ಆಗಿತ್ತು. “ಅಣ್ಣಾ, ನೀವು ಟೈಪ್ ಮಾಡುವಾಗ ಸರಿ ಮಾಡಿಬಿಡಿ. ಅವರ ಹೆಸರು ಬಸಪ್ಪ ಎಂಬುದು ಊರಿಗೇ ಗೊತ್ತಿರುವ ಸತ್ಯ” ಎಂದಳು. ಅವಳು ಹೇಳಿದ್ದು ಸತ್ಯವೇ. ಆದರೆ ನಾನು ಹಾಗೆ ತಿದ್ದಿದ್ದರೆ ನನ್ನ ಅನುವಾದ ಟ್ರೂ ಆಗುತ್ತಿರಲಿಲ್ಲ. “ಅಕ್ಕಾ, ಅಸಲಿನಲ್ಲಿ ತಪ್ಪಿದ್ದರೆ ನಕಲಿನಲ್ಲೂ ಅದೇ ತಪ್ಪು ಇರಬೇಕು. ಮೊದಲು ಅಂಕಪಟ್ಟಿ ತಿದ್ದಿಸಿಕೊಂಡು ಬಾ” ಎಂದೆ. ಬೇಸರ ಮಾಡಿಕೊಂಡೇ ಹೋದಳು. ತಿದ್ದಿಸಿಕೊಂಡು ಬರಲು ಅವಳಿಗೆ ಮೂರು ತಿಂಗಳು ಹಿಡಿಯಿತು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ, ಕೆಲಸವನ್ನಂತೂ ನನ್ನ ಬಳಿಗೇ ತಂದಳು.

ಯಥಾನಕಲು ಎಂದರೆ ನಕಲು ಅಸಲಿಗೆ ಹೊಂದುತ್ತದೆ ಎಂದಷ್ಟೇ ಅರ್ಥ. ಅಸಲು ಲೋಕಕ್ಕೆ ಹೊಂದುತ್ತದೋ ಇಲ್ಲವೋ ಎಂಬುದಕ್ಕೆ ಆ ಮುದ್ರೆ ಹೊಣೆಯಲ್ಲ. ಯಾರಾದರೂ ಜಮೀನಿನ ಕಾಗದ ತೋರಿಸಿ ‘ನೋಡಿ, ಟ್ರೂ ಕಾಪಿ ಮುದ್ರೆ ಇದೆ’ ಎಂದರೆ, ಅಸಲನ್ನೂ ಅಸಲಿನ ಹಿಂದಿನ ದಾಖಲೆಗಳನ್ನೂ ನೋಡದೆ ಮುಂಗಡ ಕೊಡಬೇಡಿ.

ನ್ಯಾಯಾಲಯದ ಕಾಗದಗಳಲ್ಲಿ ಇದೇ ಪದ ಇನ್ನೊಂದು ವೇಷದಲ್ಲಿ ಬರುತ್ತದೆ. ದಾವೆಯ ಕೊನೆಯ ಸತ್ಯಾಪನೆಯಲ್ಲಿ, ಯಾವ ಕಂಡಿಕೆಗಳು ತನಗೆ ಸ್ವತಃ ಗೊತ್ತಿರುವುದರಿಂದ ಸತ್ಯ, ಯಾವುವು ಬೇರೆಯವರಿಂದ ತಿಳಿದು ಸತ್ಯವೆಂದು ನಂಬಿದ್ದು ಎಂಬುದನ್ನು ಕಂಡಿಕೆಯ ಸಂಖ್ಯೆಯೊಂದಿಗೆ ಬೇರ್ಪಡಿಸಿ ಹೇಳಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೆಯ ಆದೇಶದ 15ನೆಯ ನಿಯಮವಿದೆ. ಟೈಪಿಸುವವರು ಅವಸರದಲ್ಲಿ ಎರಡನ್ನೂ ಕಲಸಿ ‘ಮೇಲಿನದೆಲ್ಲವೂ ಸತ್ಯ’ ಎಂದು ಮುಗಿಸುತ್ತಾರೆ. ಕಂಡದ್ದು ಬೇರೆ, ಕೇಳಿ ನಂಬಿದ್ದು ಬೇರೆ. ಕನ್ನಡದಲ್ಲಿ ‘ನನಗೆ ತಿಳಿದ ಮಟ್ಟಿಗೆ’, ‘ನಾನು ಕೇಳಿ ನಂಬಿರುವ ಮಟ್ಟಿಗೆ’ ಎಂದು ಎರಡು ಸಾಲು ಮಾಡಿ. ಸಹಿ ಹಾಕುವವರಿಗೆ ಅದನ್ನು ಓದಿ ಹೇಳಿ. ಕಟಕಟೆಯಲ್ಲಿ ನಿಲ್ಲುವವರು ಅವರು, ನಾವಲ್ಲ.

ನಾಲ್ಕನೆಯ ಹೆಜ್ಜೆ: ಬೀಜದ ಚೀಲದ ಮೇಲಿದ್ದರೆ ಚೀಟಿಯ ಬಣ್ಣ ನೋಡಿ

ಮುಂಗಾರು ಹತ್ತಿರವಾದಾಗ ರೈತರು ಕೇಳುವ ಪ್ರಶ್ನೆ ಇದು: ಚೀಲದ ಮೇಲೆ ‘ಟ್ರೂತ್‌ಫುಲ್ ಲೇಬಲ್’ (ಟಿ.ಎಲ್.) ಎಂದಿದೆ, ಹಾಗಾದರೆ ಸರ್ಕಾರವೇ ಸತ್ಯ ಎಂದು ಒಪ್ಪಿದೆಯೇ? ಇಲ್ಲ. ಚೀಟಿಯಲ್ಲಿ ಬರೆದದ್ದಕ್ಕೆ ಬೀಜ ತಯಾರಿಸಿದವರೇ ಹೊಣೆ ಎಂಬುದು ಅದರ ತಾತ್ಪರ್ಯ. ಪ್ರಮಾಣಿತ ಬೀಜದ ಹೊಲವನ್ನು ಪ್ರಮಾಣನ ಸಂಸ್ಥೆಯವರು ಬಂದು ನೋಡಿ, ಮಾದರಿ ಪರೀಕ್ಷಿಸಿ ಚೀಟಿ ಕೊಡುತ್ತಾರೆ. ಟಿ.ಎಲ್. ಬೀಜಕ್ಕೆ ಆ ಮೂರನೆಯವರ ಕಣ್ಣು ಇಲ್ಲ. ‘ನಿಜಚೀಟಿ ಬೀಜ’ ಎಂದು ಬರೆಯುವವರಿದ್ದಾರೆ, ಚೆನ್ನಾಗಿಯೇ ಇದೆ. ಚೀಟಿ ನಿಜ ಹೇಳುತ್ತಿದೆ ಎಂದು ಮಾರುವವರು ಕೊಟ್ಟ ಮಾತು ಅದು.

ಇಂಗ್ಲಿಷ್ ಓದಲು ಬಾರದವರಿಗೂ ಬಣ್ಣ ತಿಳಿಯುತ್ತದೆ. ತಳಿ ಬೆಳೆಸಿದವರ ಮೂಲ ಬೀಜಕ್ಕೆ ಬಂಗಾರ ಹಳದಿ, ಅದರಿಂದ ಬೆಳೆದ ತಳಹದಿ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ತಿಳಿನೀಲಿ, ಟಿ.ಎಲ್. ಬೀಜಕ್ಕೆ ತಿಳಿಹಸಿರು. ಹಸಿರು ಚೀಟಿ ಎಂದರೆ ಕಳಪೆ ಎಂದಲ್ಲ. ಅನೇಕ ಹೈಬ್ರಿಡ್ ಬೀಜಗಳು ಬರುವುದೇ ಹೀಗೆ. ಆದರೆ ಮಾತು ಕೊಟ್ಟವರು ಒಬ್ಬರೇ ಆದ್ದರಿಂದ ಸಾಕ್ಷಿ ನಿಮ್ಮ ಕೈಯಲ್ಲಿರಲಿ. ಬಿಲ್, ಚೀಟಿ, ಖಾಲಿ ಚೀಲ, ಹಿಡಿಯಷ್ಟು ಬೀಜ ಇವನ್ನು ಕೊಯ್ಲಿನವರೆಗೆ ಇಟ್ಟುಕೊಳ್ಳಿ. ಭತ್ತದ ಬೀಜಕ್ಕೆ ಮೊಳಕೆಯ ಕನಿಷ್ಠ ಪ್ರಮಾಣ ಶೇ 80. ನೂರು ಕಾಳು ಎಣಿಸಿ ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿಟ್ಟು, ಮೊಳೆತವನ್ನು ಎಣಿಸಿದರೆ ಚೀಟಿಯ ಮಾತು ಎಷ್ಟು ಖರೆ ಎಂದು ಮನೆಯಲ್ಲೇ ಅಂದಾಜು ಸಿಗುತ್ತದೆ.

‘ಟ್ರೂ ಟು ಟೈಪ್’ ಬಂದರೆ ‘ತಾಯಿ ಗಿಡದ ಗುಣವನ್ನೇ ಹೊತ್ತ’ ಅಥವಾ ‘ತಳಿಶುದ್ಧ’. ಇದನ್ನು ಕಲಿಸಿದ ಗುರುಗಳು ಯಾರೆಂದು ಆಗಲೇ ಹೇಳಿದ್ದೇನೆ.

ಐದನೆಯ ಹೆಜ್ಜೆ: ಕಬ್ಬಿಣ, ಕಟ್ಟಿಗೆ, ಗೋಡೆಯಾದರೆ ಕೆಲಸಗಾರರನ್ನು ಕೇಳಿ

ಸೈಕಲ್ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯೊಂದರಲ್ಲಿ ‘ಟ್ರೂ ದ ವೀಲ್’ ಎಂದಿತ್ತು. ಇಲ್ಲಿ ಟ್ರೂ ಕ್ರಿಯಾಪದ. ಚಕ್ರವನ್ನು ಸತ್ಯ ಮಾಡುವುದು ಹೇಗೆ? ಪುಸ್ತಿಕೆಯನ್ನು ಜೇಬಿಗಿಟ್ಟುಕೊಂಡು ಬಸ್ ನಿಲ್ದಾಣದ ಬಳಿಯ ಸೈಕಲ್ ಅಂಗಡಿಗೆ ಹೋದೆ. ಅಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಮುಂದಿನ ಚಕ್ರ ತಿರುಗಿಸುತ್ತಿದ್ದರು. ಫೋರ್ಕಿಗೆ ಕೈ ಊರಿ, ರಿಮ್ಮಿನ ಪಕ್ಕ ಕೂದಲೆಳೆಯಷ್ಟು ದೂರದಲ್ಲಿ ಸೀಮೆಸುಣ್ಣದ ತುಂಡು ಹಿಡಿದಿದ್ದರು. ಚಕ್ರ ಸುತ್ತಿದಾಗ ಉಬ್ಬಿದ ಜಾಗ ಬಂದು ಸುಣ್ಣಕ್ಕೆ ಸವರಿ, ಬಿಳಿ ಗೀರು ಬಿತ್ತು. ಗೀರು ಬಲಗಡೆ ಬಿದ್ದರೆ ಅಲ್ಲಿನ ಎಡಗಡೆಯ ಕಡ್ಡಿಗಳನ್ನು ಸಣ್ಣ ಚಾವಿಯಿಂದ ಕಾಲು ಸುತ್ತು ಬಿಗಿ ಮಾಡುವುದು, ಮತ್ತೆ ತಿರುಗಿಸಿ ನೋಡುವುದು. ಏಳೆಂಟು ಸಲ ಹೀಗಾದ ಮೇಲೆ ಸುಣ್ಣ ಎಲ್ಲಿಯೂ ತಾಗಲಿಲ್ಲ. “ಇದಕ್ಕೆ ಏನೆನ್ನುತ್ತೀರಿ?” ಎಂದು ಕೇಳಿದೆ. “ಔಟ್ ತೆಗೆಯುವುದು” ಎಂದರು. ಇಂಗ್ಲಿಷಿನವರು ಚಕ್ರಕ್ಕೆ ಏನನ್ನೋ ಕೊಡುತ್ತಾರೆ, ನಮ್ಮವರು ಚಕ್ರದಿಂದ ಏನನ್ನೋ ತೆಗೆಯುತ್ತಾರೆ, ಚಕ್ರ ಮಾತ್ರ ಒಂದೇ ರೀತಿ ತಿರುಗುತ್ತದೆ. ‘ಚಕ್ರದ ಔಟ್ ತೆಗೆಯಿರಿ’ ಎಂದು ಬರೆದೆ. ಔಟ್ ಇಂಗ್ಲಿಷ್ ಪದವಲ್ಲವೇ ಎಂದು ಮೂಗು ಮುರಿಯುವವರು ಒಮ್ಮೆ ಆ ಅಂಗಡಿಗೆ ಹೋಗಿ ‘ಚಕ್ರದ ವಕ್ರತೆಯನ್ನು ನಿವಾರಿಸಿ’ ಎಂದು ಹೇಳಿ ನೋಡಲಿ.

ಗೋಡೆ, ಬಾಗಿಲ ಚೌಕಟ್ಟುಗಳ ವಿಷಯದಲ್ಲೂ ಹೀಗೆಯೇ. ನಿಂತ ಗೋಡೆಯಾದರೆ ತೂಗುಗುಂಡಿಗೆ ನೇರ, ನೆಲವಾದರೆ ಮಟ್ಟಸ, ಮೂಲೆಯಾದರೆ ಮೂಲೆಮಟ್ಟಕ್ಕೆ ಸರಿ. ಇಂಗ್ಲಿಷಿನ ಟ್ರೂ ಮೂರಕ್ಕೂ ಸಲ್ಲುತ್ತದೆ, ನಮ್ಮ ಗೌಂಡಿಗೆ ಮೂರು ಪದ ಬೇಕು.

ನಕಾಶೆಯಲ್ಲಿ ‘ಟ್ರೂ ನಾರ್ತ್’ ಇದ್ದರೆ ಭೌಗೋಳಿಕ ಉತ್ತರ, ಅಂದರೆ ಭೂಮಿಯ ಉತ್ತರ ಧ್ರುವದ ದಿಕ್ಕು. ದಿಕ್ಸೂಚಿಯ ಮುಳ್ಳು ತೋರಿಸುವುದು ಕಾಂತೀಯ ಉತ್ತರ. ಎರಡಕ್ಕೂ ಸ್ವಲ್ಪ ಅಂತರವಿರುತ್ತದೆ. ಮುಳ್ಳು ಸುಳ್ಳು ಹೇಳುತ್ತಿಲ್ಲವಾದ್ದರಿಂದ ‘ಸತ್ಯ ಉತ್ತರ’ ಬೇಡ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ತರಬೇತಿಗೆ ಸೇರಿದ ಐಟಿಐ ಹುಡುಗರು ‘ಟ್ರೂ ಆರ್‌ಎಂಎಸ್’ ಮೀಟರಿನ ಬಗ್ಗೆ ಕೇಳುತ್ತಾರೆ. ಸಾಮಾನ್ಯ ಮೀಟರ್ ಕರೆಂಟಿನ ಅಲೆ ನುಣುಪಾಗಿದೆ ಎಂದು ಭಾವಿಸಿ ಲೆಕ್ಕ ಹಾಕುತ್ತದೆ, ಇದು ಅಲೆ ಹೇಗಿದ್ದರೂ ಇದ್ದಂತೆಯೇ ಅಳೆಯುತ್ತದೆ. ಅಂಥ ಕಡೆ ಹೆಸರನ್ನು ಹಾಗೆಯೇ ಬಿಟ್ಟು, ಅರ್ಥವನ್ನು ಒಂದು ವಾಕ್ಯದಲ್ಲಿ ಹೇಳಿ. ಅಂಗಡಿಯಲ್ಲಿ ಬೇರೆ ಹೆಸರು ಹೇಳಿದರೆ ಮೀಟರೇ ಸಿಗುವುದಿಲ್ಲ.

ಆರನೆಯ ಹೆಜ್ಜೆ: ಮನುಷ್ಯರ ವಿಷಯವಾದರೆ ಪದವನ್ನೇ ಬಿಟ್ಟು ನಡತೆಯನ್ನು ಬರೆಯಿರಿ

‘ಟ್ರೂ ಟು ಹಿಸ್ ವರ್ಡ್’ ಎಂದರೆ ನುಡಿದಂತೆ ನಡೆದ, ಕೊಟ್ಟ ಮಾತಿಗೆ ತಪ್ಪದ. ‘ಟ್ರೂ ಫ್ರೆಂಡ್’ ಎಂದರೆ ಕಷ್ಟಕ್ಕೆ ಆಗುವ ಗೆಳೆಯ, ಜೀವದ ಗೆಳೆಯ. ಪತ್ರದ ಕೊನೆಯ ‘ಯುವರ್ಸ್ ಟ್ರೂಲಿ’ಯಲ್ಲಿ ಆ ಹಳೆಯ ನಿಷ್ಠೆಯ ಅರ್ಥವೇ ಉಳಿದುಕೊಂಡಿದೆ, ‘ಇಂತಿ ತಮ್ಮ ವಿಶ್ವಾಸಿ’ ಎಂಬುದು ಅದಕ್ಕೆ ಸರಿಜೋಡಿ. ‘ಟ್ರೂ ಏರ್’ ಎಂದಿದ್ದರೆ ಹಕ್ಕಿನ ವಾರಸುದಾರ. ಹಾಡುವವರ ಸ್ವರ ಟ್ರೂ ಎಂದರೆ ಶ್ರುತಿ ಸೇರಿದೆ.

‘ಟ್ರೂ ಕನ್ನಡ’ ಎಂದು ಯಾರಾದರೂ ಬರೆದಿದ್ದರೆ ನಾನು ಕೊಪ್ಪಳದ ಕಡೆ ನೋಡುತ್ತೇನೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳು ಎಂದಿತು. ಆ ಕೊಪಣವೇ ಇಂದಿನ ಕೊಪ್ಪಳ. ತಿರುಳ್ಗನ್ನಡ ಎಂಬ ಪದವಿರುವಾಗ ‘ನಿಜವಾದ ಕನ್ನಡ’ ಎಂದು ಬರೆದು ಉಳಿದವರ ಕನ್ನಡವನ್ನು ಸುಳ್ಳು ಮಾಡುವ ಗೋಜು ಏಕೆ?

ಏಳನೆಯ ಹೆಜ್ಜೆ: ಮಾತಿನ ನಡುವೆ ಬಂದರೆ ತಲೆಯಾಡಿಸಿ ಮುಂದೆ ಹೋಗಿ

‘ಟ್ರೂ, ಬಟ್’ ಎಂಬುದು ಒಪ್ಪಿಗೆಯ ತಲೆದೂಗಾಟ ಮಾತ್ರ. ‘ಅದೇನೋ ಸರಿ, ಆದರೆ’ ಅಥವಾ ‘ಹೌದು, ಆದರೆ’ ಸಾಕು. ‘ಇಟ್ ಈಸ್ ಟ್ರೂ ದಟ್’ ಎಂದು ವಾಕ್ಯ ಶುರುವಾದರೆ ‘ಎಂಬುದು ಸತ್ಯವಾಗಿದೆ’ ಎಂದು ಕೊನೆಯಲ್ಲಿ ಬಾಲ ಕಟ್ಟಬೇಡಿ, ‘ನಿಜ,’ ಎಂದು ಮೊದಲಿಗೇ ಹೇಳಿಬಿಡಿ. ನಿಯಮವೊಂದು ‘ಹೋಲ್ಡ್ಸ್ ಟ್ರೂ’ ಎಂದರೆ ಅನ್ವಯಿಸುತ್ತದೆ.

ಕನಸು ‘ಕಮ್ ಟ್ರೂ’ ಆದರೆ ನನಸಾಯಿತು. ಇದಕ್ಕಿಂತ ಚೆಲುವಾದ ಜೋಡಿ ಇಂಗ್ಲಿಷಿನಲ್ಲೂ ಇಲ್ಲ. ಆದರೆ ಭವಿಷ್ಯವಾಣಿಗೆ ನನಸು ಹೊಂದುವುದಿಲ್ಲ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಮೈಲಾರದಲ್ಲಿ ಗೊರವಯ್ಯನವರು ಬಿಲ್ಲೇರಿ ಕಾರಣಿಕ ನುಡಿದ ಮೇಲೆ, ವರ್ಷದ ಕೊನೆಗೆ ಜನ ‘ಕಾರಣಿಕ ಫಲಿಸಿತು’ ಎನ್ನುತ್ತಾರೆ, ‘ನನಸಾಯಿತು’ ಎನ್ನುವುದಿಲ್ಲ. ಅನುಮಾನ, ಭಯಗಳಾದರೆ ‘ನಿಜವಾಯಿತು’.

‘ರಿಂಗ್ ಟ್ರೂ’ ಎಂಬುದು ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ನಾದ ಕೇಳುತ್ತಿದ್ದ ಕಾಲದ ಮಾತು. ನಮ್ಮ ಸಂತೆಯಲ್ಲಿ ಈಗಲೂ ಗಡಿಗೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಠಣ್ ಎಂದರೆ ಚೀಲಕ್ಕೆ, ಬೊದ್ ಎಂದರೆ ಮರಳಿ ರಾಶಿಗೆ. ಒಬ್ಬರ ಹೇಳಿಕೆ ಆ ರೀತಿ ಕೇಳಿಸಿದರೆ ‘ಅವರ ಮಾತು ನಂಬುವಂತಿದೆ’ ಎಂದು ಬರೆಯಿರಿ. ಸತ್ಯವೋ ಅಲ್ಲವೋ ಎಂಬುದು ಇನ್ನೂ ಗೊತ್ತಾಗಿಲ್ಲ ಎಂಬ ಎಚ್ಚರ ಆ ಇಂಗ್ಲಿಷ್ ಮಾತಿನಲ್ಲೂ ಇದೆ.

ಕೊನೆಯ ಹೆಜ್ಜೆ: ಬಳಸುವವರಿಗೆ ಓದಿ ಹೇಳಿ

ಬರೆದದ್ದನ್ನು ಸಂಬಂಧಪಟ್ಟವರ ಮುಂದೆ ಗಟ್ಟಿಯಾಗಿ ಓದಿ. ಅವರು ಹುಬ್ಬು ಗಂಟಿಕ್ಕಿದರೆ ಇನ್ನೊಮ್ಮೆ ಎದುರು ಪದದಿಂದ ಶುರು ಮಾಡಿ. ಈ ಹೆಜ್ಜೆ ಕೆಲವೊಮ್ಮೆ ಕೈಕೊಡುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಶಾಲೆಯೊಂದರವರು ವಾರ್ಷಿಕೋತ್ಸವದ ಬ್ಯಾನರಿಗಾಗಿ ‘ಸ್ಟೇ ಟ್ರೂ ಟು ಯುವರ್‌ಸೆಲ್ಫ್’ ಎಂಬುದಕ್ಕೆ ಕನ್ನಡ ಕೇಳಿದರು. ಯಾವುದಕ್ಕೆ ಟ್ರೂ? ತನಗೇ. ಎದುರು ಪದ? ದ್ರೋಹ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವಲ್ಲ, ಹಾಗೆ ‘ನಿನಗೆ ನೀನೇ ಎರಡು ಬಗೆಯಬೇಡ’ ಎಂದು ಬರೆದು ಓದಿದೆ. ಬಂದಿದ್ದ ಮೇಷ್ಟ್ರು ಎರಡು ಸಲ ಕೇಳಿಸಿಕೊಂಡು, “ಚೆನ್ನಾಗಿದೆ ಸರ್, ಆದರೆ ಇದರಲ್ಲಿ ಸತ್ಯ ಎಂಬ ಪದವೇ ಇಲ್ಲವಲ್ಲ” ಎಂದರು. ನಾನು ಮೇಲೆ ಬರೆದದ್ದನ್ನೆಲ್ಲ ಅವರಿಗೂ ವಿವರಿಸಿದೆ. ತಾಳ್ಮೆಯಿಂದ ಕೇಳಿದರು, ಚಹಾ ಕುಡಿದರು, ದುಡ್ಡು ಕೊಟ್ಟರು. ಮರುವಾರ ಆ ದಾರಿಯಲ್ಲಿ ಹೋಗುವಾಗ ಶಾಲೆಯ ಗೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ನಿನಗೆ ನೀನು ಸತ್ಯವಾಗಿರು’ ಎಂದು ತೂಗುತ್ತಿತ್ತು.